ನಮ್ಮೂರ ಕೆರೆ ‘ಅಭಿವೃದ್ಧಿ’ ಪ್ಲಾನ್ ಬಂದಿದೆ, ಆಕ್ಷೇಪಣೆಲಿ ಏನು ಬರೀಬೇಕು?

ಕೋಡಿಬೀದಿ_ಮಂಜು:
ಎಲ್ಲರಿಗೂ ನಮಸ್ಕಾರ. ನಮ್ಮದೊಂದು ತಾಲ್ಲೂಕು ಕೇಂದ್ರ, ಊರ ಹೆಸರು ಬೇಡ, ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಊರ ಪಕ್ಕದ ದೊಡ್ಡಕೆರೆನ ಪಾರ್ಕ್ ಮಾಡ್ತೀವಿ ಅಂತ ಹೊರಟಿದಾರೆ, ಮೊನ್ನೆ ಸಭೆ ಕರೆದು ಫ್ಲೆಕ್ಸ್ ಕಟ್ಟಿ ತೋರಿಸಿದ್ರು. ಸುತ್ತಾ ವಾಕಿಂಗ್ ಟ್ರ್ಯಾಕ್, ಮ್ಯೂಸಿಕಲ್ ಫೌಂಟನ್, ಬೋಟಿಂಗ್, ಕೋಡಿ ಹತ್ರ ಫುಡ್ ಕೋರ್ಟ್, ‘ಐ ಲವ್’ ಅಂತ ಊರ ಹೆಸರಿನ ದೊಡ್ಡ ಅಕ್ಷರ, ದಡ ಪೂರ್ತಿ ಕಲ್ಲು ಕಟ್ಟೋದು, ಏರಿ ಮೇಲೆ ಸಾಲಾಗಿ ರಾಯಲ್ ಪಾಮ್. ತ್ರೀಡಿ ಚಿತ್ರ ಏನೋ ಕಣ್ಣಿಗೆ ಚೆನ್ನಾಗೇ ಇದೆ, ಆದ್ರೆ ಅದ್ರಲ್ಲಿ ನಡೀತಿರೋರು ಯಾರೂ ನಮ್ಮೂರೋರ ಥರ ಇಲ್ಲ, ಕೆರೇಲಿ ಬೇರೆ ಬಿಳಿ ಹಂಸ ಬಿಟ್ಟಿದಾರೆ. ನಾನು ವಿರೋಧಿ ಅಲ್ಲ, ಈಗ ಅಲ್ಲಿ ಕೋಳಿ ಅಂಗಡಿ ಕಸ ತಂದು ಸುರೀತಾರೆ, ಅದಕ್ಕಿಂತ ಪಾರ್ಕೇ ಆಗ್ಲಿ. ಆದ್ರೂ ಏನೋ ಸರಿ ಅನ್ನಿಸ್ತಿಲ್ಲ, ಏನು ಅಂತ ಹೇಳಕ್ಕೂ ಬರ್ತಿಲ್ಲ. ಆಕ್ಷೇಪಣೆ ಇದ್ರೆ ಬರವಣಿಗೇಲಿ ಕೊಡಿ ಅಂದಿದಾರೆ, ಹದಿನೈದು ದಿನ ಟೈಮ್. ಈ ಫೀಲ್ಡಲ್ಲಿ ಇರೋರು ಯಾರಾದ್ರೂ ಹೇಳಿ, ಏನು ಕೇಳ್ಬೇಕು?

ಸ್ಕೆಚ್‌ಪೆನ್:
ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ನಾನು, ಒಂದಷ್ಟು ಕೆರೆ ಕೆಲ್ಸ ಮಾಡಿದೀನಿ. ಮಂಜು ಅವರೇ, ಫೌಂಟನ್ ಬೇಡ ಪಾಮ್ ಬೇಡ ಅಂತ ಒಂದೊಂದಕ್ಕೇ ಜಗಳ ಆಡಕ್ಕೆ ಹೋಗ್ಬೇಡಿ, ಅದು ಮುಗಿಯಲ್ಲ. ಒಂದೇ ಒಂದು ಕೇಳಿ: ಸೆಕ್ಷನ್ ಡ್ರಾಯಿಂಗ್ ತೋರ್ಸಿ ಅನ್ನಿ. ನೀವು ನೋಡಿದ್ದು ಮೇಲಿಂದ ನೋಡಿದ ಪ್ಲಾನ್ ಮತ್ತೆ ತ್ರೀಡಿ. ಸೆಕ್ಷನ್ ಅಂದ್ರೆ ದಡನ ಚಾಕುಲಿ ಕುಯ್ದ ಹಾಗೆ ಅಡ್ಡಕ್ಕೆ ತೋರ್ಸೋದು, ರಸ್ತೆ ಎಷ್ಟು ಎತ್ತರ, ಟ್ರ್ಯಾಕ್ ಎಲ್ಲಿ, ಇಳಿಜಾರು ಎಷ್ಟು, ನೀರು ಎಲ್ಲಿ, ತಳ ಎಲ್ಲಿ. ನಾಲ್ಕು ಕಡೆದು ಸಾಕು, ಏರಿ, ಕೋಡಿ, ಕಾಲುವೆ ಬಂದು ಸೇರೋ ಜಾಗ, ಆಮೇಲೆ ಏರಿ ಎದುರಿನ ಹಿನ್ನೀರಿನ ತಗ್ಗು. ಮತ್ತೆ ಪ್ರತಿಯೊಂದ್ರಲ್ಲೂ ಎರಡು ನೀರಿನ ಗೆರೆ ಇರ್ಬೇಕು, ದಸರಾ ಹೊತ್ತಿಗೆ ನೀರು ಎಲ್ಲಿರತ್ತೆ, ಯುಗಾದಿ ಹೊತ್ತಿಗೆ ಎಲ್ಲಿರತ್ತೆ. ತ್ರೀಡಿ ಮಾಡೋರು ಯಾವಾಗ್ಲೂ ತುಂಬಿದ ಕೆರೆನೇ ಬರೀತಾರೆ. ನಮ್ಮ ಬಯಲುಸೀಮೆ ಕೆರೆ ಏಪ್ರಿಲ್‌ಗೆ ಹಿನ್ನೀರಿನ ಕಡೆ ಎಷ್ಟೋ ದೂರ ಹಿಂದೆ ಸರಿಯತ್ತೆ, ಆಗ ನೀರಿನ ಪಕ್ಕ ಅಂತ ತೋರಿಸಿದ ಆ ಸುಂದರವಾದ ಟ್ರ್ಯಾಕು ಒಣಗಿ ಬಿರುಕು ಬಿಟ್ಟ ಮಣ್ಣಿನ ಪಕ್ಕ ನಿಂತಿರತ್ತೆ, ಬೋಟು ಕೆಸರಲ್ಲಿ ಕೂತಿರತ್ತೆ.

ಸೆಕ್ಷನ್ ಇನ್ನೂ ಆಗಿಲ್ಲ ಅಂದ್ರೆ ಡಿಸೈನೇ ಆಗಿಲ್ಲ ಅಂತ ಅರ್ಥ, ಚಿತ್ರ ಮಾತ್ರ ಆಗಿದೆ.

ಗದ್ದೆಗೊರವ:
ದಡ ಪೂರ್ತಿ ಕಲ್ಲು ಕಟ್ಟೋದು ಅಂದ್ರಲ್ಲ, ಅಲ್ಲೇ ಹಕ್ಕಿ ಕಥೆ ಮುಗೀತು. ಜೆಸಿಬಿ ಇಳಿಸಿ ಒಂದೇ ಸಮ ಆಳ ತೋಡಿ ಅಂಚನ್ನ ಗೋಡೆ ಥರ ನಿಲ್ಲಿಸ್ತಾರೆ, ಬೆಂಗಳೂರಲ್ಲಿ ಇಂಥ ಕೆರೆಗಳಿಗೆ ಸೂಪ್ ಬೌಲ್ ಅಂತಾನೇ ಕರೀತಾರೆ. ಮೆಟ್ಟುಗಾಲು ಹಕ್ಕಿ, ಗದ್ದೆಗೊರವ, ಕೊಳದ ಬಕ ಇವೆಲ್ಲಾ ನಿಂತು ಮೇಯೋ ಹಕ್ಕಿಗಳು, ಕಾಲು ಮುಳುಗೋವಷ್ಟು ನೀರು ಇಲ್ಲಾ ಹಸಿ ಕೆಸರು ಬೇಕು ಅವಕ್ಕೆ. ಸೂಪ್ ಬೌಲಲ್ಲಿ ನೀರುಕಾಗೆ ಮುಳುಗಿ ಮೀನು ಹಿಡ್ಕೊಂಡು ಬದುಕತ್ತೆ, ಮಿಕ್ಕಿದ್ದು ಹೋಯ್ತು. ಜಂಬುಕೋಳಿಗೆ ಜೊಂಡು ಬೇಕು ಗೂಡು ಕಟ್ಟಕ್ಕೆ, ಅದನ್ನ ‘ಕಳೆ’ ಅಂತ ಮೊದಲನೇ ದಿನಾನೇ ಕಿತ್ತು ಹಾಕ್ತಾರೆ.

ನಂದು ಇನ್ನೊಂದು ಬೇಡಿಕೆ, ಟ್ರ್ಯಾಕ್ ಪೂರ್ತಿ ಸುತ್ತು ಬರೋದು ಬೇಡ. ಕಾಲುವೆ ಸೇರೋ ಮೂಲೆ ಬಿಟ್ಟುಬಿಡಿ.

ದಿನಾ_ಐದು_ಕಿಮೀ:
ಅದೇನ್ರೀ ಹಂಗಂದ್ರೆ? ಸುತ್ತು ಇಲ್ದೇ ಇರೋ ಟ್ರ್ಯಾಕಲ್ಲಿ ಯಾರು ಓಡ್ತಾರೆ, ಹೋಗಿ ಹೋಗಿ ವಾಪಸ್ ಬರೋದಾ? ಹಕ್ಕಿಗೆ ಇರೋ ಜಾಗ ಮನುಷ್ಯರಿಗೆ ಇಲ್ವಾ? ನಮ್ಮ ಊರುಗಳಲ್ಲಿ ಹುಡುಗರಿಗೆ ಓಡಕ್ಕೆ ಮೈದಾನ ಇಲ್ಲ, ಪೊಲೀಸ್ ಸೆಲೆಕ್ಷನ್‌ಗೆ ಪ್ರಾಕ್ಟೀಸ್ ಮಾಡೋರು ಹೈವೇ ಮೇಲೆ ಓಡ್ತಾರೆ.

ಸ್ಕೆಚ್‌ಪೆನ್:
ಸುತ್ತು ಇರ್ಲಿ ಸರ್, ಅದು ಬೇಕು. ಆದ್ರೆ ಸುತ್ತು ಅಂದ್ರೆ ನೀರಿನ ಅಂಚಿಗೇ ಅಂಟ್ಕೊಂಡು ಹೋಗ್ಬೇಕು ಅಂತಿಲ್ಲ. ಕಾಲುವೆ ಮೂಲೆ ಬಂದಾಗ ಟ್ರ್ಯಾಕ್ ಕೆರೆ ಬಿಟ್ಟು ಹೊರಗಡೆ ಬಾಗಲಿ, ಮಧ್ಯೆ ಕೇದಗೆ, ಹೊಳೆಮತ್ತಿ, ಲಾವಂಚ, ಬಿದಿರು ಮೆಳೆ ಇರ್ಲಿ, ಒಂದು ಕಡೆ ಮಾತ್ರ ಒಳಗೆ ಹೋಗಿ ನೋಡಕ್ಕೆ ಪುಟ್ಟ ಅಟ್ಟಣೆ. ಓಡೋರಿಗೆ ಸುತ್ತು ಸಿಕ್ತು, ನೆರಳೂ ಸಿಕ್ತು. ಜಕ್ಕೂರು ಕೆರೆ ನೋಡಿ, ಅಲ್ಲಿ ಕೊಳಚೆ ಶುದ್ಧ ಮಾಡೋ ಘಟಕದಿಂದ (ಎಸ್‌ಟಿಪಿ) ಬರೋ ನೀರು ಮೊದಲು ಜೌಗು ಹಾಯ್ದು ಆಮೇಲೆ ಕೆರೆಗೆ ಬೀಳತ್ತೆ. ಜೊಂಡು, ಆಪು ನಿಂತಿರೋ ಆ ಜೌಗೇ ನೀರನ್ನ ಇನ್ನೊಂದು ಸಲ ಸೋಸೋದು. ಅದನ್ನ ಕಿತ್ತು ಲಾನ್ ಹಾಕಿದ್ರೆ ಕಣ್ಣಿಗೆ ನೀಟಾಗಿರತ್ತೆ, ಮೂಗಿಗೆ ಗೊತ್ತಾಗತ್ತೆ.

ತೂಬು_ರಿಟೈರ್ಡ್:
ಸಣ್ಣ ನೀರಾವರೀಲಿ ಸರ್ವೀಸ್ ಮುಗಿಸಿದವನು. ಎಲ್ಲಾ ಹಕ್ಕಿ ಹೂವು ಮಾತಾಡ್ತಿದೀರಿ, ಏರಿ ಬಗ್ಗೆ ಒಬ್ಬರೂ ಮಾತಾಡ್ಲಿಲ್ಲ. ಕೆರೆ ಏರಿ ಅನ್ನೋದು ಮಣ್ಣಿನ ಅಣೆಕಟ್ಟು ಕಣ್ರಪ್ಪಾ, ರಸ್ತೆ ಅಲ್ಲ. ಅದರ ಮೇಲೆ ಗುಂಡಿ ತೋಡಿ ಪಾಮ್ ನೆಟ್ರೆ, ಇಲ್ಲಾ ಆಲ ಅರಳಿ ಬಂದು ಕೂತ್ರೂ ಅಷ್ಟೆ, ಬೇರು ಒಳಗೆ ಇಳಿಯತ್ತೆ, ಮರ ಸತ್ತ ಮೇಲೆ ಆ ಬೇರು ಕೊಳೆತು ಒಳಗೆ ಪೈಪ್ ಥರ ದಾರಿ ಆಗತ್ತೆ, ಅಲ್ಲಿಂದ ನೀರು ಜಿನುಗಕ್ಕೆ ಶುರು. ಲೈಟ್ ಕಂಬಕ್ಕೆ ಕೇಬಲ್ ಹಾಕ್ತೀವಿ ಅಂತ ಏರಿ ಉದ್ದಕ್ಕೂ ಟ್ರೆಂಚ್ ಹೊಡೆಯೋದು, ಮೆಟ್ಟಿಲಿಗೆ ಅಂತ ಏರಿ ಕಡಿಯೋದು, ಇವೆಲ್ಲಾ ಮಾಡೋ ಮುಂಚೆ ನೀರಾವರಿ ಇಂಜಿನಿಯರ್ ಸೈನ್ ಹಾಕಿದಾರಾ ಕೇಳಿ. ಏರಿ ಮೇಲೆ ಹುಲ್ಲು ಸಾಕು. ನೀರಿನ ಕಡೆ ಮುಖಕ್ಕೆ ಅಲೆ ಹೊಡೆಯೋದ್ರಿಂದ ಅಲ್ಲಿ ಮಾತ್ರ ಕಲ್ಲು ಹಾಸು ಬೇಕು, ಅದು ನಮ್ಮ ಹಿರಿಯರೂ ಹಾಕಿದ್ರು. ಎದುರು ದಡಕ್ಕೆ ಯಾಕೆ ಕಲ್ಲು?

ಕೋಡಿ ಹತ್ರ ಫುಡ್ ಕೋರ್ಟ್ ಅಂದ್ರಲ್ಲ, ಅದು ಓದಿ ನನಗೆ ಬಿಪಿ ಬಂತು. ಕೆರೆ ತುಂಬಿದಾಗ ಮಿಕ್ಕ ನೀರು ಹೊರಗೆ ಹೋಗೋ ದಾರಿ ಅದೊಂದೇ. ಕೋಡಿ ಮುಂದೆ ಕಟ್ಟಡ ಕಟ್ಟಿ, ‘ನೀರು ಜಾಸ್ತಿ ನಿಲ್ಲಲಿ’ ಅಂತ ಕೋಡಿ ಎತ್ತರಿಸಿದ್ರೆ ಒಂದು ಜೋರು ಮಳೆಗೆ ನೀರು ಏರಿ ಮೇಲಿಂದ ಹರಿಯತ್ತೆ, ಮಣ್ಣಿನ ಏರಿ ಮೇಲೆ ನೀರು ಹರಿದ್ರೆ ಆಮೇಲೆ ಮಾತಿಲ್ಲ, ಕೆಳಗೆ ಅಚ್ಚುಕಟ್ಟಲ್ಲಿ ಈಗ ಗದ್ದೆ ಇದೆಯೋ ಲೇಔಟ್ ಇದೆಯೋ ನೀವೇ ನೋಡ್ಕೊಳ್ಳಿ. ಗದ್ದೆಗೆ ನೀರು ಬಿಡೋ ತೂಬು ಎಲ್ಲಿದೆ ಅಂತಾದ್ರೂ ಪ್ಲಾನಲ್ಲಿ ತೋರಿಸಿದಾರಾ?

ಕೋಡಿಬೀದಿ_ಮಂಜು:
ಸರ್ ಪ್ಲಾನ್ ಮತ್ತೆ ತೆಗೆದು ನೋಡಿದೆ. ತೂಬಿನ ಮೇಲೆ ಸರಿಯಾಗಿ ‘ಸೆಲ್ಫಿ ಪಾಯಿಂಟ್’ ಇದೆ. ಕೆಳಗೆ ಈಗ ಲೇಔಟೇ, ನಮ್ಮನೆ ಸೇರಿ.

ಬಿಲ್_ಪಾಸ್:
ಕಂಟ್ರಾಕ್ಟರ್ ಕಡೆಯಿಂದ ನಾಲ್ಕು ಮಾತು, ಬೈಬೇಡಿ. ಕಲ್ಲು, ಪೇವರ್, ಗ್ರಿಲ್ ಯಾಕೆ ಬರತ್ತೆ ಗೊತ್ತಾ? ಟೇಪ್ ಹಿಡಿದು ಅಳೀಬಹುದು. ಪಿಚಿಂಗ್ (ದಡದ ಕಲ್ಲು ಹಾಸು) ಇಷ್ಟು ಕ್ಯೂಬಿಕ್ ಮೀಟರ್, ಪೇವರ್ ಇಷ್ಟು ಚದರ ಮೀಟರ್, ಅಳತೆ ಬರೆಯೋ ಎಂಬಿ ಬುಕ್ಕಲ್ಲಿ ಬರೆದ್ರೆ ಬಿಲ್ ಆಗತ್ತೆ. ಜೊಂಡು ನೆಡಿ, ಇಳಿಜಾರನ್ನ ನಿಧಾನಕ್ಕೆ ಇಳಿಸಿ, ಮಣ್ಣು ಹಿಂಗೆ ಬಿಡಿ ಅಂದ್ರೆ ಅದನ್ನ ಅಳೆಯೋದು ಹೆಂಗೆ, ಮೂರು ತಿಂಗಳಾದ ಮೇಲೆ ಗಿಡ ಸತ್ರೆ ಯಾರ ತಲೆಗೆ? ನಾನು ನೋಡಿದ ಬಿಒಕ್ಯೂಗಳಲ್ಲಿ (ಯಾವ ಕೆಲಸ ಎಷ್ಟು ಅನ್ನೋ ಪಟ್ಟಿ) ಲಾನ್, ಡುರಾಂಟಾ ಹೆಡ್ಜ್, ಪಾಮ್ ಇಷ್ಟೇ ಇರೋದು, ಯಾಕಂದ್ರೆ ಹಳೇ ಎಸ್ಟಿಮೇಟ್ ಕಾಪಿ ಮಾಡಿ ಊರ ಹೆಸರು ಚೇಂಜ್ ಮಾಡಿರ್ತಾರೆ. ನಾವು ಅಲ್ಲಿ ಬರೆದಿದ್ದು ಮಾಡ್ತೀವಿ, ಅಲ್ಲಿ ಇಲ್ದೇ ಇರೋದಕ್ಕೆ ದುಡ್ಡು ಯಾರೂ ಕೊಡಲ್ಲ.

ಅದಕ್ಕೆ ಹೇಳೋದು, ಟೆಂಡರ್ ಆದ ಮೇಲೆ ಸೈಟ್ ಮುಂದೆ ಧರಣಿ ಕೂತ್ರೆ ಏನೂ ಚೇಂಜ್ ಆಗಲ್ಲ. ಈಗ್ಲೇ ಬಿಒಕ್ಯೂ ಕೇಳಿ. ಮಾಹಿತಿ ಹಕ್ಕಲ್ಲಿ ಹತ್ತು ರೂಪಾಯಿ ಕಟ್ಟಿದ್ರೆ 30 ದಿನದಲ್ಲಿ ಕೊಡ್ಬೇಕು, ಆದ್ರೆ ನಿಮ್ಮ ಟೈಮ್ ಅದಕ್ಕೆ ಮುಂಚೆನೇ ಮುಗಿಯತ್ತೆ, ಹಂಗಾಗಿ ಆಕ್ಷೇಪಣೆಲೇ ‘ಡಿಪಿಆರ್ (ಯೋಜನೆಯ ಪೂರ್ತಿ ವರದಿ) ಕೊಟ್ಟಿಲ್ಲ, ಕೊಟ್ಟ ಮೇಲೆ ಟೈಮ್ ಕೊಡಿ’ ಅಂತ ಮೊದಲನೇ ಸಾಲು ಹಾಕಿ. ಮೇಂಟೆನೆನ್ಸ್ ಎಷ್ಟು ವರ್ಷ, ಯಾರು, ಆ ದುಡ್ಡು ಎಲ್ಲಿಂದ ಅಂತ ಅದರಲ್ಲೇ ಕೇಳಿ. ಫೌಂಟನ್ ಮೋಟಾರಿಗೆ ಕರೆಂಟ್ ಬಿಲ್ ಕಟ್ಟೋರು ಯಾರು ಅಂತ ಕೇಳಿದ್ರೆ ಅರ್ಧ ಸಭೆ ಸೈಲೆಂಟ್ ಆಗತ್ತೆ.

ನರ್ಮದಾ_ಫ್ಯಾನ್:
ಎಲ್ಲದಕ್ಕೂ ಕೊಂಕು. ಅಹಮದಾಬಾದಿಗೆ ಹೋಗಿ ಸಾಬರಮತಿ ರಿವರ್‌ಫ್ರಂಟ್ ನೋಡ್ಕೊಂಡು ಬನ್ನಿ ಸ್ವಾಮಿ, ಎರಡೂ ದಡಕ್ಕೆ 11 ಕಿಮೀ ಮೇಲೆ ಕಾಂಕ್ರೀಟೇ, ಊರಿಗೆ ಊರೇ ಸಂಜೆ ಅಲ್ಲಿ ಇರತ್ತೆ. ಕಾಂಕ್ರೀಟ್ ಅಂದ ತಕ್ಷಣ ಪಾಪ ಅಲ್ಲ.

ಸ್ಕೆಚ್‌ಪೆನ್:
ನೋಡಿದೀನಿ, ಜನ ಬರೋದು ನಿಜ, ಸಂಜೆ ಗಾಳಿಗೆ ಕೂರಕ್ಕೆ ಚೆನ್ನಾಗೇ ಇದೆ, ಅದನ್ನ ಯಾಕೆ ಅಲ್ಲಗಳೀಲಿ. ಆದ್ರೆ ಅಲ್ಲಿ ನಡೆದಿರೋದು ಏನು ಅಂತ ಗೊತ್ತಿರ್ಲಿ. ನದಿ ಅಗಲ ಒಂದೊಂದು ಕಡೆ ಒಂದೊಂದು ಥರ ಇದ್ದಿದ್ದನ್ನ ಗೋಡೆ ಕಟ್ಟಿ 263 ಮೀಟರ್‌ಗೆ ಸಮ ಮಾಡಿದ್ರು, ಹಂಗೆ ಸಿಕ್ಕ ಜಾಗದಲ್ಲೇ ಪಾರ್ಕು ರಸ್ತೆ ಎಲ್ಲಾ. ನೀರು ಸಾಬರಮತಿದಲ್ಲ, ನರ್ಮದಾ ಕಾಲುವೆಯಿಂದ ಬಿಡೋದು, ಕೆಳಗೆ ವಾಸಣಾ ಬ್ಯಾರೇಜ್ ಅದನ್ನ ತಡೆದು ನಿಲ್ಲಿಸ್ಕೊಂಡಿದೆ. ದಡದಲ್ಲಿದ್ದ ಸಾವಿರಾರು ಬಡ ಕುಟುಂಬಗಳನ್ನ ಎತ್ತಿ ಊರಾಚೆ ಹಾಕಿದ್ರು. ಸೋಲ್‌ನ ಚೊಂಗ್ಯೆಚೊನ್ ಕೂಡ ಹಂಗೇ, ಮೇಲ್ಸೇತುವೆ ಒಡೆದು 2005ರಲ್ಲಿ 5.8 ಕಿಮೀ ತೊರೆ ತೆರೆದಿದ್ದು ದೊಡ್ಡ ಕೆಲಸವೇ, ಆದ್ರೆ ದಿನಾ ಹಾನ್ ನದಿಯಿಂದ ನೀರು ಪಂಪ್ ಮಾಡ್ಬೇಕು. ದೊಡ್ಡ ಊರು, ದೊಡ್ಡ ಬಜೆಟ್ಟು, ಮಾಡ್ಕೋತಾರೆ. ಮಂಜು ಅವರ ಊರಿನ ಪುರಸಭೆ ಬೇಸಿಗೇಲಿ ಕೆರೆ ತುಂಬಿಸಕ್ಕೆ ಎಲ್ಲಿಂದ ಪಂಪ್ ಮಾಡತ್ತೆ?

ಹುಬ್ಬಳ್ಳಿ_ಮಂದಿ:
ನಮ್ಮ ಕಡೀದು ಸ್ವಲ್ಪ ಹೇಳ್ತೀನಿ ಕೇಳ್ರಿ. ಹುಬ್ಬಳ್ಳ್ಯಾಗ ಉಣಕಲ್ ನಾಲಾದ ಗುಂಟ ಗ್ರೀನ್ ಕಾರಿಡಾರ್ ಅಂತ ತಗದಾರ, ಸೈಕಲ್ ದಾರಿ, ನಡಿಯಾಕ ದಾರಿ, ಫ್ರಾನ್ಸ್‌ದವರ ಸಾಲಾನೂ ಐತಿ ಅದಕ್ಕ. ವಿಚಾರ ಭಾಳ ಛಲೋ ಐತ್ರಿ, ನಾಲಾಕ್ಕ ಬೆನ್ನು ಮಾಡಿ ಮನಿ ಕಟ್ಟಿದ ಊರಿಗೆ ನಾಲಾದ ಕಡೆ ಮುಖಾ ಮಾಡ್ಸೋದು. ಆದ್ರ ನಾಲಾದಾಗ ಗಟಾರದ ನೀರು ಬರೂತನಕ ಮೂಗು ಮುಚ್ಕೊಂಡ ಅಡ್ಡಾಡಬೇಕು. ಬೆಂಗಳೂರಾಗ ಕೆ-100 ರಾಜಕಾಲುವೆದೂ ಇದ ಹಣೆಬರ ಅಲ್ಲೇನ್ರಿ, ಮೊದಲ ಕೊಳಚಿ ತಿರುಗಸೋದ ದೊಡ್ಡ ಕೆಲಸ, ಬೆಂಚು ಹಾಕೋದು ಸಣ್ಣದು. ಮಂಜು ಅವರ, ನಿಮ್ಮ ಕೆರಿಗೆ ಯುಜಿಡಿ (ಒಳಚರಂಡಿ) ನೀರು ಎಷ್ಟ ಕಡೆಯಿಂದ ಸೇರತೈತಿ ಅದನ್ನ ಮೊದಲ ಎಣಸ್ರಿ.

ಇನ್ನೊಂದ ಏನಪಾ ಅಂದ್ರ ನೆರಳು. ಪೇವರ್ ಹಾಕಿ ಪಾಮ್ ನೆಟ್ರ ಏಪ್ರಿಲ್‌ದಾಗ ಹನ್ನೊಂದಕ್ಕ ಅಲ್ಲಿ ನಾಯಿನೂ ನಿಂದ್ರಂಗಿಲ್ಲ. ಹೊಂಗಿ, ಬೇವು, ಹುಣಸಿ ಹಚ್ರಿ.

ಸ್ಕೆಚ್‌ಪೆನ್:
ನೆರಳಿನ ಮಾತು ಬಂಗಾರ. ಟ್ರ್ಯಾಕಿನ ಪಶ್ಚಿಮ ಪಕ್ಕಕ್ಕೆ ಮರ ಹಾಕಿ, ಸಂಜೆ ಬಿಸಿಲಿಗೆ ಅದೇ ಕಾಯೋದು, ಏರಿ ಬಿಟ್ಟು. ಪಾಮ್ ಮಾತ್ರ ನನಗೆ ಇವತ್ತಿಗೂ ಅರ್ಥ ಆಗಿಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ವರ್ಷದಲ್ಲಿ ಒಂದಲ್ಲ ಒಂದು ಮರ ಹೂ ಬಿಟ್ಟಿರ್ಬೇಕು ಅಂತ ಲೆಕ್ಕ ಹಾಕಿ ಬೀದಿ ಮರ ಆರಿಸಿ ಕೊಟ್ಟ ರಾಜ್ಯ ನಮ್ಮದು, ಈಗ ಯಾವ ಊರಿಗೆ ಹೋದ್ರೂ ಅದೇ ಪಾಮ್. ಫೌಂಟನ್ ಹುಚ್ಚು ಬಂದಿದ್ದು ಬೃಂದಾವನ ನೋಡಿ ಅಂತ ನನ್ನ ಗುಮಾನಿ, ಅದು ಅಣೆಕಟ್ಟಿನ ಕೆಳಗಡೆ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ತೋಟ ರೀ, ಕೆರೆ ಮಧ್ಯೆ ಅಲ್ಲ.

ಎಮ್ಮೆ_ರಂಗ:
ಎಲ್ಲಾ ಓದಿದೆ ಬುದ್ಧಿ. ಸುತ್ತಾ ಗ್ರಿಲ್ ಹಾಕಿ ಗೇಟಿಗೆ ಬೀಗ ಹಾಕಿದ್ರೆ ನಮ್ಮ ಎಮ್ಮೆ ನೀರು ಎಲ್ಲಿ ಕುಡೀಬೇಕು? ನಮ್ಮ ಪಕ್ಕದೂರಲ್ಲಿ ಹಂಗೇ ಆಯ್ತು, ಈಗ ವಾಚ್‌ಮನ್ ಕಣ್ಣು ತಪ್ಪಿಸಿ ಹೊಡ್ಕಂಡೋಗ್ಬೇಕು.

ಸ್ಕೆಚ್‌ಪೆನ್:
ರಂಗಣ್ಣ, ಇದನ್ನ ಡ್ರಾಯಿಂಗಲ್ಲೇ ಹಾಕ್ಬೇಕು, ಆಮೇಲೆ ವಾಚ್‌ಮನ್ ಕೈಕಾಲು ಹಿಡಿಯೋದಲ್ಲ. ಒಂದು ಮೂಲೇಲಿ ದನ ಇಳಿಯಕ್ಕೆ ಒರಟು ಕಲ್ಲು ಹಾಸಿದ ಇಳಿಜಾರು, ಅಲ್ಲಿ ಪೇವರ್ ಬೇಡ, ಗೊರಸು ಜಾರತ್ತೆ. ಅದಕ್ಕೆ ಊರ ಕಡೆಯಿಂದ ಬೇರೆ ದಾರಿ. ಗಣೇಶ ಬಿಡಕ್ಕೆ ಬೇರೆ ಕಲ್ಯಾಣಿ. ಸರ್ಜಾಪುರ ರಸ್ತೆ ಕೈಕೊಂಡ್ರಹಳ್ಳಿ ಕೆರೆ 48 ಎಕರೆ, 2009ರ ಹೊತ್ತಿಗೆ ಕೆಲಸ ಶುರು ಆದಾಗ ಸುತ್ತಮುತ್ತಲಿನವರು ಪಾಲಿಕೆ ಜೊತೆ ಕೂತು ಪ್ಲಾನ್ ನೋಡಿದ್ರು, ಕೆರೆ ಪಕ್ಕದ ಸ್ಕೂಲ್ ಮಕ್ಕಳನ್ನೂ ಲೆಕ್ಕಕ್ಕೆ ತಗೊಂಡ್ರು. ಆಮೇಲೆ ನೋಡ್ಕೊಳ್ಳಕ್ಕೆ ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ಅಂತ ಟ್ರಸ್ಟೇ ಆಯ್ತು. ಅಲ್ಲಿ ಎಲ್ಲಾ ಸರಿ ಇದೆ ಅಂತಲ್ಲ, ಕೊಳಚೆ ಜೊತೆ ಗುದ್ದಾಟ ಇದ್ದೇ ಇದೆ, ಆದ್ರೆ ಕೇಳೋಕೆ ಜನ ಇದಾರೆ.

ಸುಮಕ್ಕ:
ನಾನೂ ಒಂದು ಮಾತು ಹೇಳ್ತೀನಿ ಮಕ್ಕಳಾ. ನಮ್ಮ ಬಡಾವಣೆ ಹತ್ರದ ಕೆರೆಗೆ ಒಂದೇ ಗೇಟು. ಒಳಗೆ ಹೋದ ಮೇಲೆ ಮಧ್ಯೆ ಏನೇ ಆದ್ರೂ ಪೂರ್ತಿ ಸುತ್ತು ಹೊಡೆದೇ ಆಚೆ ಬರ್ಬೇಕು, ಒಂದು ಕಡೆ ಗ್ರಿಲ್ಲು ಇನ್ನೊಂದು ಕಡೆ ನೀರು. ಸಂಜೆ ಆರು ಆದ್ರೆ ನಮ್ಮ ಗುಂಪಿನ ಹೆಂಗಸರು ಯಾರೂ ಆ ಹಿಂದಿನ ಭಾಗಕ್ಕೆ ಹೋಗಲ್ಲ, ಗೇಟ್ ಹತ್ರಾನೇ ಹಿಂದೆ ಮುಂದೆ ನಡೀತೀವಿ. ಕಾಸು ಸುರಿದು ಮಾಡಿದ ಟ್ರ್ಯಾಕಲ್ಲಿ ನಾವು ಬಳಸೋದು ಕಾಲು ಭಾಗ. ಗೇಟು ಜಾಸ್ತಿ ಇಡಿ, ಹಿಂದಿನ ರಸ್ತೆಯಿಂದ ಒಳಗೆ ಕಾಣೋ ಹಾಗಿರ್ಲಿ, ಆಳೆತ್ತರದ ಹೆಡ್ಜ್ ಬೇಡ. ಶೌಚಾಲಯ ಗೇಟ್ ಹತ್ರ ಜನ ಓಡಾಡೋ ಕಡೆ ಇರ್ಲಿ, ಮೂಲೇಲಿ ಕಟ್ಟಿ ಬೀಗ ಹಾಕಿ ಇಟ್ಕೋಬೇಡಿ. ಬೆಂಚಿಗೆ ಒರಗಕ್ಕೆ ಬೆನ್ನು, ಏಳಕ್ಕೆ ಕೈ ಊರೋ ಹಿಡಿ ಇರ್ಲಿ, ಗ್ರಾನೈಟ್ ಚಪ್ಪಡಿ ಇಟ್ಟು ಬೆಂಚ್ ಅನ್ನೋದು ಮಂಡಿ ನೋವಿರೋರಿಗೆ ಶಿಕ್ಷೆ. ಬೆಂಗಳೂರಲ್ಲಿ 2024ರಲ್ಲಿ ಪಾರ್ಕ್‌ಗಳನ್ನ ಬೆಳಗ್ಗೆ ಐದರಿಂದ ರಾತ್ರಿ ಹತ್ತರ ತನಕ ತೆಗೆದಿಡ್ತೀವಿ ಅಂದ್ರು, ಒಳ್ಳೇದೇ, ಆದ್ರೆ ರಾತ್ರಿ ಹತ್ತರ ತನಕ ತೆಗೆದಿರೋ ಒಂದೇ ಗೇಟಿನ ಪಾರ್ಕಿಂದ ನಮಗೇನು ಉಪಯೋಗ?

ಗದ್ದೆಗೊರವ:
ಸುಮಕ್ಕ ಹೇಳಿದ್ದು ಸರಿ. ಲೈಟ್ ಬೇಕೇ ಬೇಕು, ಆದ್ರೆ ಕಂಬ ಕುಳ್ಳಗಿರ್ಲಿ, ಬೆಳಕು ನೆಲಕ್ಕೆ ಬೀಳ್ಲಿ, ನೀರಿನ ಮೇಲೆ ಫ್ಲಡ್‌ಲೈಟ್ ಬೇಡ.

ಕಡಲತಡಿ:
ನಿಮ್ಮದು ಕೆರೆ ಮಾರಾಯ್ರೆ, ನೀರು ನಿಂತಲ್ಲೇ ನಿಲ್ತದೆ. ನಮ್ಮಲ್ಲಿ ಹೊಳೆ ಬದಿ ವಾಕ್‌ವೇ ಮಾಡ್ಲಿಕ್ಕೆ ಹೊರಟ್ರೆ ದಿನಕ್ಕೆ ಎರಡು ಸಲ ಉಬ್ಬರ ಇಳಿತ, ಮೇಲಿಂದ ಮಳೆಗಾಲದ ನೆರೆ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬೇರೆ. ಕಾಂಡ್ಲ (ಮ್ಯಾಂಗ್ರೋವ್) ಗಿಡ ಇರುವಲ್ಲಿ ಕಾಂಡ್ಲವೇ ತಡೆಗೋಡೆ, ಅದನ್ನು ಕಡಿದು ಗೋಡೆ ಕಟ್ಟಿದ್ರೆ ಆಚೆ ದಡ ಕೊರೀತದೆ. ಇಷ್ಟೇ ನನ್ನದು.

ಸಿಂಗಪುರ_ಶಾನುಭೋಗ:
ಇಲ್ಲಿ ಬಿಶಾನ್ ಪಾರ್ಕ್ ಪಕ್ಕದಲ್ಲೇ ನಮ್ಮ ಮನೆ, ಅದಕ್ಕೆ ಹೇಳ್ತೀನಿ. ಕಲ್ಲಾಂಗ್ ನದಿ ಇಲ್ಲಿ ಮೊದಲು ಕಾಂಕ್ರೀಟ್ ನಾಲೆ ಆಗಿತ್ತು, 2.7 ಕಿಮೀ ನೆಟ್ಟಗೆ, ಪಾರ್ಕು ಬೇರೆ ನಾಲೆ ಬೇರೆ ಮಧ್ಯೆ ಬೇಲಿ. ಆ ಕಾಂಕ್ರೀಟ್ ಒಡೆದು ಸುಮಾರು 3 ಕಿಮೀ ಅಂಕುಡೊಂಕು ಹೊಳೆ ಮಾಡಿ 2012ರಲ್ಲಿ ತೆರೆದ್ರು. ಮಾಮೂಲಿ ದಿನ ಮಕ್ಕಳು ಕಲ್ಲಿಂದ ಕಲ್ಲಿಗೆ ಹಾರ್ಕೊಂಡು ದಾಟೋವಷ್ಟು ನೀರು, ಜೋರು ಮಳೆಗೆ ಹುಲ್ಲು ಬಯಲಿಗೆಲ್ಲಾ ಹರಡಿ ಸುಮಾರು 100 ಮೀಟರ್ ಅಗಲ ಆಗತ್ತೆ, ಅಂದ್ರೆ ಪಾರ್ಕೇ ನೆರೆ ಹಿಡಿಯೋ ಜಾಗ. ನೀರು ಏರಕ್ಕೆ ಶುರು ಆದ್ರೆ ಸೈರನ್ನು, ಕೆಂಪು ಲೈಟು. ನನಗೆ ಹಿಡಿಸಿದ್ದು ಏನಂದ್ರೆ ಪೂರ್ತಿ ಕೆಲಸಕ್ಕೆ ಕೈ ಹಾಕೋ ಮುಂಚೆ ಪಕ್ಕದ ಸಣ್ಣ ಚರಂಡೀಲಿ 60 ಮೀಟರ್ ಉದ್ದಕ್ಕೆ ಬೇರೆ ಬೇರೆ ವಿಧಾನದಲ್ಲಿ ದಡ ಕಟ್ಟಿ ಯಾವುದು ಮಳೆಗೆ ತಡೆಯತ್ತೆ ಯಾವುದು ಕಿತ್ಕೊಂಡು ಹೋಗತ್ತೆ ಅಂತ ನೋಡಿದ್ರು. ಸಿಂಗಪುರದ ದುಡ್ಡು ನಮ್ಮೂರಲ್ಲಿ ಎಲ್ಲಿ ಬರ್ಬೇಕು ಅಂತೀರಿ, ಆದ್ರೆ 60 ಮೀಟರ್ ಟ್ರಯಲ್‌ಗೆ ಸಿಂಗಪುರದ ದುಡ್ಡು ಬೇಡ.

ಬಿಲ್_ಪಾಸ್:
ಇದು ಒಳ್ಳೇ ಐಡಿಯಾ. ಒಂದು ಮಳೆಗಾಲ ತಡೆದು ನಿಂತಿದ್ದನ್ನ ತೋರ್ಸಿದ್ರೆ ಇಂಜಿನಿಯರ್‌ಗೂ ಧೈರ್ಯ ಬರತ್ತೆ, ನಮಗೂ ರೇಟ್ ಹಾಕಕ್ಕೆ ಆಧಾರ ಸಿಗತ್ತೆ. ಆದ್ರೆ ಮಾರ್ಚ್ ಒಳಗೆ ಗ್ರ್ಯಾಂಟ್ ಖರ್ಚು ಮಾಡ್ಬೇಕು ಅಂತ ಕೂತಿರ್ತಾರಲ್ಲ, ಅವರಿಗೆ ಒಂದು ಮಳೆಗಾಲ ಕಾಯಿರಿ ಅಂತ ಯಾರು ಹೇಳ್ತೀರಿ?

ದಿನಾ_ಐದು_ಕಿಮೀ:
ಏರಿ ಮೇಲಿನ ಟ್ರ್ಯಾಕ್, ಗೇಟು, ಲೈಟು, ಶೌಚಾಲಯ ಮೊದಲು ಮಾಡಿ ಗ್ರ್ಯಾಂಟ್ ತೋರ್ಸಲಿ, ಎದುರು ದಡದ್ದು ಎರಡನೇ ಹಂತಕ್ಕೆ ಇಡ್ಲಿ. ನಮಗೆ ಓಡಕ್ಕೆ ಬೇಗ ಸಿಗತ್ತೆ. ಏರಿ ಮೇಲೆ ಮಣ್ಣಿನ ಟ್ರ್ಯಾಕೇ ಇರ್ಲಿ, ಪೇವರ್ ಮೇಲೆ ಓಡಿ ಮಂಡಿ ಹಾಳಾಗ್ತಿದೆ.

ತೂಬು_ರಿಟೈರ್ಡ್:
ಕೊನೆಗೂ ಓಡೋರು ಒಂದು ಇಂಜಿನಿಯರಿಂಗ್ ಮಾತಾಡಿದ್ರು. ಮಣ್ಣಿನ ಟ್ರ್ಯಾಕ್ ಅಂದ್ರೂ ಗುದ್ದಿ ಗಟ್ಟಿ ಮಾಡಿದ ಮುರ್ರಂ ಇರ್ಬೇಕು, ಮತ್ತೆ ಸ್ವಲ್ಪ ವಾಟ ನೀರಿನ ಕಡೆ ಇರ್ಲಿ, ಮಳೆ ನೀರು ಏರಿ ಹಿಂದುಗಡೆ ಇಳಿದ್ರೆ ಕೊರಕಲು ಬೀಳತ್ತೆ.

ಕೋಡಿಬೀದಿ_ಮಂಜು:
ಎಲ್ಲರಿಗೂ ಧನ್ಯವಾದ. ಬರೆದಿದ್ದನ್ನ ಇಲ್ಲಿ ಹಾಕ್ತಿದೀನಿ, ತಪ್ಪಿದ್ರೆ ಹೇಳಿ.

“ಡಿಪಿಆರ್ ಮತ್ತು ಬಿಒಕ್ಯೂ ಪ್ರತಿ ನಮಗೆ ಕೊಟ್ಟಿಲ್ಲ, ಕೊಟ್ಟ ನಂತರ ಆಕ್ಷೇಪಣೆಗೆ ಕಾಲಾವಕಾಶ ಕೊಡಬೇಕು. ಏರಿ, ಕೋಡಿ, ಕಾಲುವೆ ಸೇರುವ ಜಾಗ, ಹಿನ್ನೀರಿನ ದಡ ಈ ನಾಲ್ಕು ಕಡೆಯ ಸೆಕ್ಷನ್ ನಕ್ಷೆಯನ್ನು ಮಳೆಗಾಲದ ಹಾಗೂ ಬೇಸಿಗೆಯ ನೀರಿನ ಮಟ್ಟದೊಂದಿಗೆ ತೋರಿಸಬೇಕು. ಕೋಡಿ ಮತ್ತು ತೂಬಿನ ಬಳಿ ಯಾವುದೇ ಕಟ್ಟಡ ಕೂಡದು, ಏರಿ ಮೇಲಿನ ಕೆಲಸಕ್ಕೆ ನೀರಾವರಿ ಇಂಜಿನಿಯರ್ ಒಪ್ಪಿಗೆ ಪತ್ರ ಲಗತ್ತಿಸಬೇಕು. ಕೆರೆಗೆ ಸೇರುತ್ತಿರುವ ಕೊಳಚೆ ನೀರಿನ ಜಾಗಗಳನ್ನು ಗುರುತಿಸಿ ಮೊದಲು ತಿರುಗಿಸಬೇಕು. ಹಿನ್ನೀರಿನ ದಡಕ್ಕೆ ಕಲ್ಲು ಕಟ್ಟದೆ, ಸಣ್ಣ ಭಾಗದಲ್ಲಿ ಮೊದಲು ಪ್ರಯೋಗ ಮಾಡಿ ಒಂದು ಮಳೆಗಾಲ ನೋಡಿ ಮುಂದುವರಿಯಬೇಕು. ದನಗಳಿಗೆ ನೀರಿನ ದಾರಿ, ಕನಿಷ್ಠ ನಾಲ್ಕು ಗೇಟು, ಗೇಟ್ ಬಳಿ ಶೌಚಾಲಯ ಇರಬೇಕು. ನಿರ್ವಹಣೆ ಯಾರದು, ಹಣ ಯಾವ ಲೆಕ್ಕದಿಂದ ಎಂದು ತಿಳಿಸಬೇಕು.”

ಸುಮಕ್ಕ:
ವೀಲ್‌ಚೇರ್ ಬಿಟ್ಟು ಹೋಯ್ತಲ್ಲಪ್ಪಾ. ಗೇಟಿಗೆ ಬೈಕ್ ಬರ್ದೇ ಇರ್ಲಿ ಅಂತ ಅಡ್ಡ ಕಂಬಿ ಹಾಕ್ತಾರೆ, ಅದ್ರಲ್ಲಿ ವೀಲ್‌ಚೇರೂ ತೂರಲ್ಲ, ಮಗು ಗಾಡಿನೂ ತೂರಲ್ಲ.

ಸ್ಕೆಚ್‌ಪೆನ್:
ಹೌದು ಸೇರಿಸಿ: ರ‍್ಯಾಂಪ್ ಇಳಿಜಾರು 1:12ಕ್ಕಿಂತ ಕಡಿದು ಇರಬಾರದು, ಕನಿಷ್ಠ ಎರಡು ಗೇಟಲ್ಲಿ ವೀಲ್‌ಚೇರ್ ಹೋಗೋ ಅಗಲ. ಎಲ್ಲಾ ರ‍್ಯಾಂಪ್ ಏರಿ ಮೇಲೇ ಹತ್ತಿಸಕ್ಕೆ ಹೋಗ್ಬೇಡಿ, ಏರಿ ಮುಗಿಯೋ ತುದೀಲಿ ನೆಲ ತಾನೇ ಸಮಕ್ಕೆ ಬಂದಿರತ್ತೆ, ಅಲ್ಲಿ ಒಂದು ಗೇಟ್ ಕೊಟ್ರೆ ರ‍್ಯಾಂಪೇ ಬೇಡ.

ತೂಬು_ರಿಟೈರ್ಡ್:
ಕೋಡಿ ಮಟ್ಟ ಈಗ ಇರೋದನ್ನ ಬದಲಾಯಿಸಬಾರದು ಅಂತ ಬೇರೆ ಸಾಲು ಬರೀರಿ, ‘ಬಳಿ ಕಟ್ಟಡ ಕೂಡದು’ ಅಂದ್ರೆ ಸಾಲದು. ಕೋಡಿ ಕಲ್ಲಿನ ಫೋಟೋ ಈಗ್ಲೇ ತೆಗೆದು ಲಗತ್ತಿಸಿ, ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು. ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ, ಟಪಾಲಿಗೆ ಕೊಟ್ಟು ಬರಿಗೈಲಿ ಬರ್ಬೇಡಿ. ಕೆಳಗಿನ ಲೇಔಟಿನವರ ಸಹಿ ಎಷ್ಟು ಸಿಗತ್ತೋ ಅಷ್ಟು ಹಾಕಿಸಿ.

ಕೋಡಿಬೀದಿ_ಮಂಜು:
ಸೇರಿಸಿದೆ ಸರ್. ಭಾನುವಾರ ಲೇಔಟಲ್ಲಿ ಮನೆ ಮನೆಗೆ ಹೋಗ್ತೀವಿ, ಸೋಮವಾರ ಕೊಡೋದು. ರಂಗಣ್ಣ, ನಿಮ್ಮಂಥ ದನ ಕಟ್ಟಿರೋ ಮನೆ ನಮ್ಮ ಕಡೆಯೂ ಏಳೆಂಟಿವೆ, ಮೊದಲು ಅವರ ಸಹಿ ಹಾಕಿಸ್ತೀನಿ.